ಶಾಮಲಾ ಒಣಗಿಸಿದ ಬೆಳಕು

ಧಾರವಾಡದ ಶಾಮಲಾ ತೊಂಬತ್ತರ ದಶಕದ ಕೊನೆಗೆ ಪುಣೆಯ ಪ್ರಯೋಗಾಲಯವೊಂದರಲ್ಲಿ ಹೊಳೆಯುವ ಪ್ಲಾಸ್ಟಿಕ್ ಮಾಡುತ್ತಿದ್ದಳು. ಕರೆಂಟು ಹರಿಸಿದರೆ ತಾನೇ ಬೆಳಗುವ ಪ್ಲಾಸ್ಟಿಕ್ ಅಂದರೆ ಕೊಂಢವಾ ಬಡಾವಣೆಯ ನೆರೆಹೊರೆಯವರು ನಗುತ್ತಿದ್ದರು. ನಗಲಿ, ಅವರಿಗೇನು ಗೊತ್ತು!

ಸೀಸೆಯಲ್ಲಿ ಕರಗಿಸಿಟ್ಟಾಗ ಆ ವಸ್ತು ಕಿತ್ತಳೆ ಬಣ್ಣಕ್ಕೆ ಝಗಝಗಿಸುತ್ತಿತ್ತು. ಗಾಜಿನ ಮೇಲೆ ತೆಳ್ಳಗೆ ಸವರಿದರೆ ಮಂಕು. ಅದರ ಅಣುಗಳೆಲ್ಲ ಉದ್ದುದ್ದ ಸರಪಳಿಗಳು. ದ್ರವದಲ್ಲಿ ದೂರ ದೂರ ಇರುತ್ತವೆ. ಪದರದಲ್ಲಿ ಮೈಗೆ ಮೈ ತಾಗಿಸಿ ಕೂತು ಒಂದರ ಬೆಳಕನ್ನು ಇನ್ನೊಂದು ನುಂಗುತ್ತದೆ. ಕೂಡಿ ಬಾಳಿದರೆ ಸ್ವರ್ಗ ಸುಖ ಎಂಬ ಮಾತು ಇಲ್ಲಿ ನಡೆಯದು. ಶಾಮಲಾ ಹಟ ಹಿಡಿದು ಸರಪಳಿಗಳಿಗೆ ದಪ್ಪ ಕವಲು ಕೂಡಿಸಿ ಅವನ್ನು ದೂರ ನಿಲ್ಲಿಸಿದಳು.

ಪ್ರಯೋಗಾಲಯದ ಕೆಲಸ ಪರೀಕ್ಷಿಸಲು ಬರುವ ಸಮಿತಿಯ ಎದುರು ಪದರ ಬೆಳಗಿದರೆ ಅವಳ ಕೆಲಸ ಉಳಿಯುತ್ತಿತ್ತು, ಇಲ್ಲದಿದ್ದರೆ ಮನೆ. ಗಂಡ ಬಿಂದುಮಾಧವನಿಗೆ ಸೊಲ್ಲಾಪುರಕ್ಕೆ ವರ್ಗವಾಗಿತ್ತು. "ನಿನ್ನ ಕೆಲಸ ಉಳೀತಂದ್ರ ವರ್ಗ ರದ್ದು ಮಾಡಸ್ತೀನಿ" ಎಂದು ಮಾತು ಕೊಟ್ಟಿದ್ದ.

ಸಮಿತಿ ಬರುವ ಹಿಂದಿನ ಸಂಜೆ ಸವರಿದ ಪದರ ಚೆನ್ನಾಗಿಯೇ ಹೊಳೆಯಿತು. ಆದರೆ ದ್ರಾವಕದ ವಾಸನೆ ಹೋಗಿರಲಿಲ್ಲ. ಹಪ್ಪಳ, ಸಂಡಿಗೆ ಒಣಗಿಸುತ್ತ ಬೆಳೆದ ಹುಡುಗಿ. ಹಸಿ ಉಳಿದದ್ದು ಕೆಡುತ್ತದೆ ಎಂಬುದು ಅವಳ ರಕ್ತದಲ್ಲೇ ಇತ್ತು. ಇದ್ದ ವಸ್ತುವೆಲ್ಲ ಆ ಗಾಜಿಗೇ ಮುಗಿದಿತ್ತು. ಅದನ್ನೇ ಬಿಸಿ ತಟ್ಟೆಯ ಮೇಲಿಟ್ಟು ಚೆನ್ನಾಗಿ ಒಣಗಿಸಿದಳು. ಅಯ್ಯೋ, ಬುದ್ಧಿವಂತೆ!

ಮರುದಿನ ಸಮಿತಿಯ ಎದುರು ಸ್ವಿಚ್ ಒತ್ತಿದಾಗ ಆರುವ ಕೆಂಡದಷ್ಟು ಕೆಂಪು ಕಂಡಿತು, ಅಷ್ಟೇ. ಶಾಮಲಾಗೆ ಆಗಲೇ ಹೊಳೆಯಿತು: ಕಾವಿಗೆ ಮೆತ್ತಗಾದ ಸರಪಳಿಗಳು ಸರಿದು ಮತ್ತೆ ಒತ್ತಿ ಕೂತಿದ್ದವು. ಕೆಟ್ಟ ಮೇಲೆ ಬುದ್ಧಿ ಬಂತು. ಅದನ್ನೇ ವಿವರಿಸತೊಡಗಿದಳು.

"ಕಾರಣ ನಕೋ ಬಾಯಿ, ಪ್ರಕಾಶ ದಾಖವಾ" ಎಂದರು ಸಮಿತಿಯ ಹಿರಿಯರು. ಕಾರಣ ಬೇಡವಂತೆ, ಬೆಳಕು ತೋರಿಸಬೇಕಂತೆ. ಉಳಿದವರು ಆಗಲೇ ಎದ್ದಿದ್ದರು.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದಳು. ಅವನು ಬೈಯಲಿಲ್ಲ.

"ಹೋಗ್ಲಿ ಬಿಡು, ಒಳ್ಳೇದಾತು. ಸೊಲ್ಲಾಪುರದಾಗ ಮನೀ ಹಿಡಿದೀನಿ, ಭಾಳ ಛಲೋ ಅದ."

"ಯಾವಾಗ ಹಿಡಿದ್ರಿ?"

"ಹೋದ ತಿಂಗಳಾ."

"ಮತ್ತ ಇವತ್ತ ಅದು ಬೆಳಗಿದ್ರ ಏನ್ ಮಾಡ್ತಿದ್ರಿ?"

ಬಿಂದುಮಾಧವ ಚಹಾದ ಕಪ್ಪಿನಿಂದ ಮುಖ ಎತ್ತಿದ. ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

"ಬೆಳಗ್ತದ ಅಂತ ನಾ ಯಾವಾಗ ಅಂದ್ಕೊಂಡಿದ್ದೆ?"