ಕಬ್ಬಿನ ನಡುವಿನ ಹಾದಿ

ನಾನು ಡಿಗ್ರಿ ಮುಗಿಸುವುದಿಲ್ಲ ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ. ನಮ್ಮೂರು ಚಿಮ್ಮಡದಲ್ಲಿ ಬಸ್ಸಿಗೆ ಕಾಯುತ್ತಿದ್ದವರೆಲ್ಲರ ಎದುರಿಗೇ ಹೇಳಿದರು: "ಹಿಂದಿನ ಹೊಲದಾಂವನ ಮಗಳು ಜಮಖಂಡಿಗೆ ಹೋಗಿ ಡಿಗ್ರಿ ತರತಾಳಂತ! ತಂದ್ರ ನನ್ನ ಮೀಸಿ ಬೋಳಸ್ರಿ." ಜನ ನಕ್ಕರು. ಅಪ್ಪನೂ ನಕ್ಕ.

ಹಿಂದಿನ ಹೊಲ ಅಂದರೆ ನಮ್ಮದು. ಅಜ್ಜ ತೀರಿದ ಮೇಲೆ ರಸ್ತೆಗೆ ಹತ್ತಿದ ತುಂಡು ದೊಡ್ಡಪ್ಪನಿಗೆ ಹೋಯಿತು, ಅದರ ಹಿಂದಿನದು ಅಪ್ಪನಿಗೆ ಬಂತು. ಹಂಚಿಕೆ ಕಾಗದದಲ್ಲಿ ಹಾದಿಯನ್ನೂ ಬರೆಸಿ ಎಂದು ಹಿರಿಯರೊಬ್ಬರು ಹೇಳಿದ್ದರಂತೆ. "ಅಣ್ಣನ ಹೊಲದಾಗ ಹಾಯಾಕ ನನಗ ಕಾಗದ ಬೇಕ?" ಎಂದು ಅಪ್ಪ ಸಿಟ್ಟಾಗಿದ್ದ.

ಎರಡೂ ಹೊಲಕ್ಕೆ ಅದೇ ಮಣ್ಣು, ಅದೇ ನೀರು, ಅದೇ ಬೀಜ. ಆದರೆ ಮೊದಲು ನಾಟಿ ಮಾಡಿದ ನಮ್ಮ ಕಬ್ಬಿಗೆ ಪಾಳಿ ಬಂದಾಗ ದೊಡ್ಡಪ್ಪನ ಕಬ್ಬು ಇನ್ನೂ ನಿಂತಿರುತ್ತಿತ್ತು; ಕಡಿಯುವ ಗ್ಯಾಂಗಿನವರು ರಸ್ತೆಯಲ್ಲೇ ನಿಂತು, ಟ್ರ್ಯಾಕ್ಟರ್ ಒಳಗೆ ಹೋಗಲು ಹಾದಿಯಿಲ್ಲವೆಂದು ಮುಂದಿನ ಊರಿಗೆ ಹೋಗಿಬಿಡುತ್ತಿದ್ದರು. ಅವರು ತಿರುಗಿ ಬರುವಷ್ಟರಲ್ಲಿ ಕಬ್ಬು ಸೂಲಂಗಿ ಬಿಟ್ಟಿರುತ್ತಿತ್ತು. ತುದಿಯಲ್ಲಿ ಬಿಳಿ ಹೂ ಬಂದಿತೆಂದರೆ ಒಳಗೆ ಬೆಂಡು, ತೂಕ ಹೋಯಿತು. ನನ್ನ ಫೀ ಆ ತೂಕದಲ್ಲೇ ಬರಬೇಕಿತ್ತು.

ಪ್ರತಿ ವರ್ಷವೂ ಅಪ್ಪ ಕೇಳುತ್ತಿದ್ದ. "ಅಣ್ಣಾ, ಗಾಡಿ ಹೋಗೂವಷ್ಟು ಬಿಡೋ."

"ನಂದು ಹೋಗಲಿ ತಡಿ. ನಿನ್ನ ಸಲವಾಗಿ ನನ್ನ ಕಬ್ಬು ತುಳಿಸ್ಲೇನಲೇ?"

ಮನೆಯ ಮಾಳಿಗೆ ಹತ್ತಿದರೆ ದೊಡ್ಡಪ್ಪನ ಹಸಿರಿನ ಹಿಂದೆ ನಮ್ಮ ಬಿಳಿ ಹೂಗಳು ತೂಗುವುದು ಕಾಣುತ್ತಿತ್ತು. ಇವತ್ತಿಗೂ ಸೂಲಂಗಿ ಕಂಡರೆ ನಾನು ಮುಖ ತಿರುಗಿಸುತ್ತೇನೆ.

ನಾನು ಕೊನೆಯ ವರ್ಷದಲ್ಲಿದ್ದಾಗ, ಕಬ್ಬು ಆಳೆತ್ತರ ದಾಟಿ ನಿಂತಿದ್ದ ಹೊತ್ತಿನಲ್ಲಿ, ಅಪ್ಪ ಎದೆನೋವಿನಿಂದ ತೀರಿಕೊಂಡ. ನಮ್ಮವರು ಸತ್ತವರನ್ನು ಅವರವರ ಹೊಲದಲ್ಲೇ ಹೂಳುತ್ತಾರೆ. ಅಪ್ಪನನ್ನು ಕೂರಿಸಿ ಹೊತ್ತು ತಂದವರು ರಸ್ತೆಗೆ ಬಂದು ನಿಂತರು. ಮುಂದೆ ಹಾದಿಯಿಲ್ಲ. ದೊಡ್ಡಪ್ಪ ಯಾರದೋ ಕೈಯಿಂದ ಕುಡುಗೋಲು ಕಸಿದುಕೊಂಡು ತಮ್ಮ ಕಬ್ಬಿಗೆ ತಾವೇ ಮೊದಲ ಏಟು ಹಾಕಿದರು. ಹಿಂದೆ ಹತ್ತಾರು ಜನ ಇಳಿದರು. ಹಸಿ ರಸಕ್ಕೆ ಕಾಲು ಅಂಟುತ್ತಿತ್ತು. ಎರಡೂ ಬದಿಯ ಎಲೆಗಳು ಅಪ್ಪನ ಕೆನ್ನೆ ಸವರಿದವು. ಒಂದು ಎಲೆ ಗೀರಿತು. ರಕ್ತ ಬರಲಿಲ್ಲ.

ಆ ಹಾದಿ ಹಾಗೇ ಉಳಿಯಿತು. ಪಾಳಿ ಬಂದ ದಿನವೇ ಗ್ಯಾಂಗಿನವರು ಅದರಲ್ಲಿ ಬಂದರು, ಟ್ರ್ಯಾಕ್ಟರ್ ಬಂತು, ಹೂ ಬಿಡುವ ಮೊದಲೇ ಕಬ್ಬು ಹೋಯಿತು. ತೂಕದ ಚೀಟಿ ಕೈಗೆ ಬಂದಾಗ ಅವ್ವ, "ಈ ಸಲ ಛಲೋ ಬಂತು," ಎಂದಳು. ಆಮೇಲೆ ಗೋಡೆಗೆ ತಲೆ ಆನಿಸಿ ಕೂತಳು. ಅದರಲ್ಲೇ ನನ್ನ ಫೀ ಕಟ್ಟಿದೆವು. ಎಂಜಿನ್ ಸದ್ದು ಆ ಹಾದಿಯಲ್ಲಿ ಹಾಯುವಾಗಲೆಲ್ಲ ನನಗೆ ಹೊತ್ತವರ ಹೆಜ್ಜೆಯೇ ಕೇಳುತ್ತದೆ.

ಕಾಲೇಜಿನ ಕೊನೆಯ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ರೈತರ ಆದಾಯ. ಫಾರ್ಮಿನಲ್ಲಿ ನೀರು, ಬೀಜ, ಗೊಬ್ಬರ, ದರ, ಎಲ್ಲಕ್ಕೂ ಜಾಗವಿತ್ತು. ರನ್ನ ಬೆಳಗಲಿ ಊರಿನಲ್ಲಿ ಒಬ್ಬ ಅಜ್ಜಿ ಎಲ್ಲಕ್ಕೂ ಉತ್ತರ ಕೊಟ್ಟು ಕೇಳಿದಳು: "ಹೊಲಕ್ಕ ಹಾದಿ ಐತೇನಂತ ಕೇಳೂದಿಲ್ಲೇನ ಯವ್ವಾ? ಎಂಥಾ ಸಾಲಿ ಕಲಿತಿ ನೀ?" ಗೊತ್ತಿದ್ದೂ ನಾನು ಅದನ್ನೊಂದೇ ಬಿಟ್ಟಿದ್ದೆ. ಅವತ್ತೇ ಪ್ರತಿ ಹಾಳೆಯ ಕೆಳಗೆ ಕೈಯಿಂದಲೇ ಒಂದು ಸಾಲು ಸೇರಿಸಿದೆ.

ಪಾಸಾದೆ. ನಮ್ಮ ಮನೆತನದಲ್ಲಿ ನಾನೇ ಮೊದಲು. ಸರ್ಟಿಫಿಕೇಟು ಬಂದ ದಿನ ದೊಡ್ಡಪ್ಪ ಹಾದಿಯ ಬಾಯಿಗೆ ಕೂತು ಚಿಗುರು ತೆಗೆಯುತ್ತಿದ್ದರು. ಅಪ್ಪ ಹೋದಾಗಿನಿಂದ ಅಲ್ಲಿ ಒಂದು ಗಣಿಕೆಯನ್ನೂ ಅವರು ಏಳಗೊಟ್ಟಿರಲಿಲ್ಲ. ಅದರ ಬಗ್ಗೆ ನಮ್ಮೊಡನೆ ಒಂದು ಮಾತೂ ಆಡಿರಲಿಲ್ಲ. ಮೀಸೆಯ ಮಾತು ಎತ್ತಬೇಕೆಂದೇ ಹೋಗಿದ್ದೆ. ಎತ್ತಲಾಗಲಿಲ್ಲ. ಕಾಗದ ಅವರ ಕೈಗೆ ಕೊಟ್ಟೆ. ಧೋತರಕ್ಕೆ ಕೈ ಒರೆಸಿಕೊಂಡು ಹಿಡಿದರು.

"ನಿಮ್ಮಪ್ಪನ ಹೆಸರು ಎಲ್ಲೈತಿ?"

ನನ್ನ ಹೆಸರಿನ ಪಕ್ಕದಲ್ಲಿದ್ದ ಅಪ್ಪನ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದೆ. ಅದರ ಮೇಲೆ ತಾವೂ ಬೆರಳಿಟ್ಟರು.

"ಅಂವ ಬಾಯಿಬಿಟ್ಟು ಕೇಳಿದಾಗ ಕೊಡಲಿಲ್ಲಬೇ ನಾ."