ಎದುರು ಮನೆ ಅಜ್ಜಿಯ ಪಿಂಚಣಿ

ಮೊನ್ನೆ ನಂಜನಗೂಡಿನ ಬ್ಯಾಂಕಿಗೆ, ನಾನಿನ್ನೂ ಬದುಕಿದ್ದೇನೆಂದು ತೋರಿಸಲು ಹೋಗಿದ್ದೆ. ನಿವೃತ್ತ ಟೀಚರುಗಳಿಗೆ ವರ್ಷಕ್ಕೊಮ್ಮೆ ಈ ಭಾಗ್ಯ. ಪಕ್ಕದಲ್ಲಿ ಯಾರೋ ಹೆಬ್ಬೆಟ್ಟು ಒತ್ತುತ್ತಿದ್ದರು. ಸ್ಟ್ಯಾಂಪ್ ಪ್ಯಾಡಿನ ಶಾಯಿ ವಾಸನೆ ಬಂತು. ಅಷ್ಟಕ್ಕೇ ಕಣ್ಣು ತುಂಬಿತು...

ನಲವತ್ತು ವರ್ಷದ ಹಿಂದೆ ಟಿ. ನರಸೀಪುರದ ಹತ್ತಿರದ ಹಳ್ಳಿಯೊಂದಕ್ಕೆ ಟೀಚರಾಗಿ ಹೋದಾಗ, ಎದುರು ಮನೆಯಲ್ಲಿ ಅಜ್ಜಿ ಒಬ್ಬರೇ ಇದ್ದರು. ಅವರ ಗಂಡ ಬ್ರಿಟಿಷರ ಸೈನ್ಯ ಸೇರಿ ಬರ್ಮಾ ಯುದ್ಧಕ್ಕೆ ಹೋದವರು, ಅಲ್ಲೇ ಕಾಣೆಯಾಗಿದ್ದರು. ಸತ್ತರೆಂದು ಅಜ್ಜಿ ಒಪ್ಪಿರಲಿಲ್ಲ. ಅರವತ್ತು ದಾಟಿದರೂ ಹಣೆಯ ಮೇಲೆ ಕಾಸಗಲ ಕುಂಕುಮ, ಕೈತುಂಬ ಹಸಿರು ಬಳೆ. ಆದರೂ ಅರಿಶಿನ-ಕುಂಕುಮಕ್ಕೆ ಅವರನ್ನು ಯಾರೂ ಕರೆಯುತ್ತಿರಲಿಲ್ಲ.

“ಅವ್ರು ಎಲ್ಲವ್ರೆ ಅಂತ ಒಂದ್ ಕಾಗ್ದ ಬರ್ಕೊಡಿ ಟೀಚ್ರಮ್ಮ” ಎಂದರು ಒಮ್ಮೆ. ಲಂಡನ್ನಿಗೆ ಬರೆದೆ. ಪಿಂಚಣಿಯ ಮಾತನ್ನು ನಾನೇ ಸೇರಿಸಿದೆ, ಮಹಾ ಜಾಣೆ! ಸ್ವಾತಂತ್ರ್ಯ ಬಂದಮೇಲೆ ಆ ಹೊಣೆ ನಿಮ್ಮ ಸರ್ಕಾರದ್ದು ಎಂದು ಲಂಡನ್ನಿನಿಂದ ಉತ್ತರ ಬಂತು. ದೆಹಲಿಗೆ ಬರೆದರೆ, ಹಳೇ ದಾಖಲೆ ಲಂಡನ್ನಿನಲ್ಲಿ ಕೇಳಿ ಎಂದರು. ಎತ್ತು ಏರಿಗೆ, ಕೋಣ ನೀರಿಗೆ. ಗಂಡ ಎಲ್ಲಿ ಅನ್ನುವುದಕ್ಕೆ ಮಾತ್ರ ಇಬ್ಬರೂ ಒಂದಕ್ಷರ ಬರೆಯಲಿಲ್ಲ.

ಮೂರು ವರ್ಷ ಅಲೆದಾಡಿಸಿ ದೆಹಲಿ ಒಪ್ಪಿತು, ಒಂದು ಫಾರ್ಮು ಕಳಿಸಿತು. ಗಂಡ ತೀರಿಕೊಂಡಿದ್ದಾರೆ, ನಾನು ವಿಧವೆ ಎಂದು ಅಜ್ಜಿ ಹೆಬ್ಬೆಟ್ಟು ಒತ್ತಬೇಕು. ಓದಿ ಹೇಳಿದರೆ ಒಪ್ಪುವುದಿಲ್ಲವೆಂದು ಗೊತ್ತಿತ್ತು. ಮನೆಯಲ್ಲಿ ರಾಗಿ ಮುಗಿದಿದ್ದೂ ಗೊತ್ತಿತ್ತು. “ವಿಚಾರಿಸ್ತಾರಂತೆ, ಒತ್ತಿ ಅಜ್ಜಿ” ಎಂದೆ. ನನ್ನನ್ನು ನಂಬಿ ಒತ್ತಿದರು.

ಕೆಲವು ತಿಂಗಳಾದ ಮೇಲೆ ಪೋಸ್ಟ್‌ಮ್ಯಾನ್ ಮನಿಆರ್ಡರ್ ತಂದು, ಬೀದಿಗೆಲ್ಲ ಕೇಳುವ ಹಾಗೆ, “ನಿಮ್ಮೆಜಮಾನ್ರು ಸತ್ತಿದ್ದುಕ್ಕೆ ಗೌರ್ಮೆಂಟ್ ದುಡ್ ಬಂದದೆ ಕಣಜ್ಜಿ” ಎಂದ.

ನಾನು ಸಂಜೆ ಹೋದಾಗ ಹಣೆಯಲ್ಲಿ ಕುಂಕುಮ ಇರಲಿಲ್ಲ. ಗಂಡ ಸತ್ತರೆ ಬಳೆ ತೆಗೆಯುವ ಹೊತ್ತಿಗೆ ಆ ಊರಿನಲ್ಲಿ ಹೆಂಗಸರು ಸೇರುತ್ತಾರೆ, ಜೊತೆಗೆ ಅಳುತ್ತಾರೆ. ಅಜ್ಜಿ ಒಬ್ಬರೇ ಕೂತು ಎಲ್ಲ ತೆಗೆದಿಟ್ಟಿದ್ದರು... ನನ್ನನ್ನು ಬೈಯಲಿಲ್ಲ.

“ದುಡ್ ಬಂತು ಟೀಚ್ರಮ್ಮ. ಇನ್ ಅವ್ರು ಬರಾಕಿಲ್ಲ” ಎಂದರು.

ಮರುವರ್ಷ ನನಗೆ ವರ್ಗವಾಯಿತು. ಹೇಳಿ ಬರಲು ಎದುರು ಮನೆಗೆ ಹೋಗುವ ಧೈರ್ಯ ಬರಲಿಲ್ಲ. ಅವರು ತೀರಿಕೊಂಡದ್ದು ಎಷ್ಟೋ ದಿನದ ಮೇಲೆ ಬಸ್ಸಿನಲ್ಲಿ ಯಾರಿಂದಲೋ ತಿಳಿಯಿತು.

ನನ್ನ ಮನೆಯವರೂ ಹೋಗಿ ಈಗ ಎರಡು ವರ್ಷ. ಒಂಟಿಯಾಗಿ ಕೂತಾಗ ಲಂಡನ್ನಿಗೆ, ದೆಹಲಿಗೆ ಬೈದು ನೋಡುತ್ತೇನೆ, ಸಮಾಧಾನ ಆಗುವುದಿಲ್ಲ. ಆ ಫಾರ್ಮನ್ನು ಒಮ್ಮೆ ಓದಿ ಹೇಳಬೇಕಿತ್ತು. ಹಿಟ್ಟು ಬೇಕೋ ಗಂಡ ಬೇಕೋ, ಅಜ್ಜಿಯೇ ಹೇಳುತ್ತಿದ್ದರು.