ಎರಡು ಯೂನಿಟ್ ಬಿ ನೆಗೆಟಿವ್

2005ರಲ್ಲಿ ನಾನು ಇಂದಿರಾನಗರದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಸೀನಿಯರ್ ಪ್ರೋಗ್ರಾಮರ್ ಆಗಿದ್ದೆ. ನೂರಡಿ ರಸ್ತೆಯ ಹಿಂದಿನ ಬಂಗಲೆಯೊಂದರ ಊಟದ ಕೋಣೆಯೇ ನಮ್ಮ ಆಫೀಸು. ಶಿವಾಜಿನಗರದ ಆಸ್ಪತ್ರೆಯೊಂದಕ್ಕೆ ರಕ್ತ ಹುಡುಕುವ ಸಾಫ್ಟ್‌ವೇರ್ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಅಲ್ಲಿಯವರೆಗೆ ಆ ಕೆಲಸ ಮಾಡುತ್ತಿದ್ದವರು ಆಸ್ಪತ್ರೆಯ ಟೆಲಿಫೋನ್ ಆಪರೇಟರ್ ಸ್ಟೆಲ್ಲಾ ಮೇಡಂ. ಕುಕ್ ಟೌನ್‌ನವರು, ಇಪ್ಪತ್ತೆರಡು ವರ್ಷದ ಸರ್ವಿಸ್. ಡಾಕ್ಟರ ಚೀಟಿ ಬಂದ ಕೂಡಲೇ ಆರು ಬ್ಲಡ್ ಬ್ಯಾಂಕುಗಳಿಗೆ ಫೋನ್ ಮಾಡಿ, "ಇದ್ರೆ ಈ ಪೇಷೆಂಟ್ ಹೆಸ್ರಲ್ಲಿ ಎತ್ತಿಟ್ಟು ಫೋನ್ ಮಾಡಿ ಸಾರ್" ಎಂದು ಹೇಳಿಡುತ್ತಿದ್ದರು. ಒಬ್ಬರ ಉತ್ತರಕ್ಕೆ ಕಾಯುತ್ತ ಕೂರುತ್ತಿರಲಿಲ್ಲ. ಮೊದಲು ವಾಪಸ್ ಫೋನ್ ಮಾಡಿದವರಲ್ಲಿಗೆ ಆಟೋ ಓಡುತ್ತಿತ್ತು.

ಎರಡು ದಿನ ಅವರ ಪಕ್ಕ ಕೂತು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ರಕ್ತ ಸಿಕ್ಕಿದ ಮೇಲೂ ಅವರು ಉಳಿದ ಬ್ಯಾಂಕುಗಳಿಗೆಲ್ಲ ಮತ್ತೆ ಫೋನ್ ಮಾಡುತ್ತಿದ್ದರು. "ಸಿಕ್ತು ಸಾರ್, ಥ್ಯಾಂಕ್ಸ್. ಮಗಳ ರಿಸಲ್ಟ್ ಬಂತಾ? ಪಾಸಾ?" ಎಂದು ಮಾತು ಶುರುವಾದರೆ ಐದು ನಿಮಿಷ. ಆ ಹೊತ್ತಿನಲ್ಲಿ ನಾನು ಪೆನ್ನು ಕೆಳಗಿಟ್ಟು ಕಾಫಿ ಕುಡಿಯುತ್ತಿದ್ದೆ. ಹರಟೆಯನ್ನು ಯಾರಾದರೂ ಪ್ರೋಗ್ರಾಂ ಮಾಡುತ್ತಾರೆಯೇ?

ಆರೂ ಬ್ಯಾಂಕುಗಳಲ್ಲಿ ನಮ್ಮದೇ ಸಾಫ್ಟ್‌ವೇರ್ ಹಾಕಿದೆವು. ನನ್ನ ಮೊದಲ ಪ್ರೋಗ್ರಾಂ ಒಂದಾದ ಮೇಲೊಂದು ಬ್ಯಾಂಕನ್ನು ಕೇಳುತ್ತಿತ್ತು. ಒಂದು ಕಡೆ ಲೈನ್ ಕೆಟ್ಟರೆ ಉಳಿದೆಲ್ಲ ಅದರ ಹಿಂದೆ ನಿಲ್ಲುತ್ತಿದ್ದವು. ಆಗಷ್ಟೇ ಜಾವಾ ಭಾಷೆಯ ಹೊಸ ಆವೃತ್ತಿ ಬಂದಿತ್ತು. ಹಲವು ಟಾಸ್ಕ್‌ಗಳನ್ನು ಒಟ್ಟಿಗೇ ಓಡಿಸಿ, ಮೊದಲು ಬಂದ ಉತ್ತರವನ್ನು ಹಿಡಿದು, ಉಳಿದವನ್ನು ರದ್ದು ಮಾಡುವ ಸೌಲಭ್ಯ ಅದರಲ್ಲಿತ್ತು. ಹತ್ತು ಸಾಲಿನಲ್ಲಿ ಕೆಲಸ ಮುಗಿಯಿತು. ಒಂದು ಮಂಗಳವಾರ ಅದನ್ನು ಆಸ್ಪತ್ರೆಯಲ್ಲಿ ಹಾಕಿದೆ. ಅವತ್ತೇ ಒಬ್ಬ ರೋಗಿಗೆ ಎರಡು ಯೂನಿಟ್ ಬಿ ನೆಗೆಟಿವ್ ಬೇಕಾಗಿ, ನಾಲ್ಕು ಸೆಕೆಂಡಿನಲ್ಲಿ ಉತ್ತರ ಬಂತು. ಡಾಕ್ಟರರು ಬೆನ್ನು ತಟ್ಟಿದರು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ ಹೆರಿಗೆ ವಾರ್ಡಿನಿಂದ ಚೀಟಿ ಬಂತು. ಮಲ್ಲಮ್ಮ, ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲುತ್ತಿಲ್ಲ, ಬಿ ನೆಗೆಟಿವ್, ಎರಡು ಯೂನಿಟ್, ಅರ್ಜೆಂಟ್. ಚೀಟಿ ತಂದವನು ಆಕೆಯ ಗಂಡ ಬಸವರಾಜ. ರಾಯಚೂರು ಕಡೆಯವನು, ಕೆ.ಆರ್. ಪುರಂನಲ್ಲಿ ಕಟ್ಟಡದ ಸೆಂಟ್ರಿಂಗ್ ಕೆಲಸ. ನಾನೇ ಗುಂಡಿ ಒತ್ತಿದೆ. ಆರೂ ಬ್ಯಾಂಕುಗಳ ಮುಂದೆ 'ಇಲ್ಲ' ಎಂದು ಬಂತು.

ಸ್ಟೆಲ್ಲಾ ಮೇಡಂ ಕೈ ಫೋನಿಗೆ ಹೋಯಿತು. "ಬೇಡ ಮೇಡಂ, ಆರೂ ಕಡೆ ಕೇಳಿ ಆಯ್ತು" ಎಂದು ತಡೆದೆ. ಮತ್ತೆ ಒತ್ತಿದೆ. ಕೇಬಲ್ ನೋಡಿದೆ, ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದೆ. ಇಪ್ಪತ್ತೈದು ನಿಮಿಷ ಹಾಗೇ ಹೋಯಿತು. ಬಸವರಾಜ ಕೌಂಟರಿನ ಕಟ್ಟೆ ಹಿಡಿದು ನಿಂತಿದ್ದ.

"ಸಿಕ್ತೇನ್ರೀ ಮೇಡಂ? ಒಳಗ ಡಾಕ್ಟ್ರು ಲಗೂ ಅನ್ನಾಕ್ಹತ್ಯಾರ್ರೀ."

ಅವನು ಕೇಳಿದ್ದು ನನ್ನನ್ನು. ಸ್ಟೆಲ್ಲಾ ಮೇಡಂ ಇನ್ನು ನನ್ನ ಅಪ್ಪಣೆಗೆ ಕಾಯಲಿಲ್ಲ. ಬೆನ್ಸನ್ ಟೌನ್‌ನ ಬ್ಯಾಂಕಿಗೆ ಫೋನ್ ಹಚ್ಚಿದರು.

"ಫ್ರಿಜ್‌ನಲ್ಲಿ ಇದೆಯಾ? ಮತ್ಯಾಕ್ ಸಾರ್ ಇಲ್ಲ ಅಂತ ಬರ್ತಾ ಇದೆ?... ಯಾರಿಗ್ ಎತ್ತಿಟ್ಟಿದೀರಾ?" ಆ ಕಡೆಯ ಉತ್ತರ ಕೇಳಿ ರಿಸೀವರಿಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿದರು. "ನಮ್ಗೇ ಅಂತಮ್ಮಾ. ನಿನ್ನೆ ಪೇಷೆಂಟ್ ಹೆಸ್ರಲ್ಲಿ."

ಮಂಗಳವಾರ ನನ್ನ ಪ್ರೋಗ್ರಾಂ ಆರೂ ಕಡೆ 'ಎತ್ತಿಡಿ' ಎಂದು ಹೇಳಿತ್ತು. ಮೊದಲ ಉತ್ತರ ಬಂದಾಗ ಉಳಿದ ಟಾಸ್ಕ್‌ಗಳು ರದ್ದಾದದ್ದು ನಿಜ. ಆದರೆ ರದ್ದಾದದ್ದು ನಾವು ಕಾಯುವುದು ಮಾತ್ರ. ಬೇಡಿಕೆ ಆಗಲೇ ಅಲ್ಲಿಗೆ ತಲುಪಿತ್ತು, ಬೆನ್ಸನ್ ಟೌನ್‌ನವರು ಎರಡು ಯೂನಿಟ್ ಎತ್ತಿಟ್ಟು ನಮಗಾಗಿ ಕಾಯುತ್ತಿದ್ದರು; ಎತ್ತಿಟ್ಟದ್ದು ಪ್ರೋಗ್ರಾಂ ಲೆಕ್ಕದಲ್ಲಿ 'ಇಲ್ಲ' ಆಗಿತ್ತು. ಬೇಡವೆಂದು ಅವರಿಗೆ ಹೇಳುವವರೇ ಇರಲಿಲ್ಲ. ಅದನ್ನು ಹೇಳುತ್ತಿದ್ದ ಫೋನನ್ನೇ ನಾನು ಹರಟೆ ಎಂದು ಬಿಟ್ಟಿದ್ದೆ.

"ಅದು ಬಿಟ್ಬಿಡಿ ಸಾರ್, ನಿನ್ನೇನೇ ಬೇರೆ ಕಡೆ ಸಿಕ್ತು. ಈಗ ಮಲ್ಲಮ್ಮ ಅಂತ ಬರ್ಕೊಳ್ಳಿ, ಸ್ಯಾಂಪಲ್ ಕಳಿಸ್ತಾ ಇದೀನಿ" ಎಂದು ಸ್ಟೆಲ್ಲಾ ಮೇಡಂ ಫೋನ್ ಇಟ್ಟರು. ಅಟೆಂಡರ್ ಆಟೋ ಹತ್ತಿದ. ನಾನು ಗಡಿಯಾರ ನೋಡುತ್ತ ಕೂತೆ. ಆ ಇಪ್ಪತ್ತೈದು ನಿಮಿಷಗಳನ್ನು ವಾಪಸ್ ಕೊಡುವ ಸೌಲಭ್ಯ ಯಾವ ಭಾಷೆಯಲ್ಲೂ ಇರಲಿಲ್ಲ. ಒಂದು ಗಂಟೆಗೆ ಐದು ನಿಮಿಷವಿರುವಾಗ ರಕ್ತ ಬಂತು. ಮಲ್ಲಮ್ಮ ಗಂಡಾಂತರದಿಂದ ಪಾರಾದಳು ಎಂದು ಡಾಕ್ಟರರು ಹೇಳಿದಾಗ ಮೂರು ದಾಟಿತ್ತು. ಮೆಟ್ಟಿಲ ಮೇಲೆ ಕೂತು ಅತ್ತೆ.

ಅವತ್ತು ಸಂಜೆಯೇ ಪ್ರೋಗ್ರಾಂ ತಿದ್ದಿದೆ. ಮೊದಲ ಉತ್ತರ ಸಿಕ್ಕ ಕೂಡಲೇ ಉಳಿದ ಐದೂ ಕಡೆ 'ಬಿಟ್ಟುಬಿಡಿ' ಎಂಬ ಸಂದೇಶ ಹೋಗಬೇಕು, ಅದು ತಲುಪಿತೆಂಬ ಉತ್ತರ ಬರುವವರೆಗೆ ಕೆಲಸ ಮುಗಿದಂತಲ್ಲ. ಹೊಸ ಪ್ರೋಗ್ರಾಂ ನೋಡಿ ಸ್ಟೆಲ್ಲಾ ಮೇಡಂ ಕೇಳಿದ್ದು ಒಂದೇ: "ಮಗಳ ರಿಸಲ್ಟ್ ಏನಾಯ್ತು ಅಂತ ಕೇಳಲ್ವಾ ಇದು?"

ಈಗಲೂ ಎಷ್ಟೋ ಪ್ರಾಜೆಕ್ಟ್‌ಗಳಲ್ಲಿ ಕಿರಿಯರು ಹತ್ತು ಟಾಸ್ಕ್‌ಗಳನ್ನು ಒಟ್ಟಿಗೇ ಓಡಿಸಿ ತೋರಿಸಿ ಬೀಗುತ್ತಾರೆ. ಒಂದು ಗೆದ್ದ ಮೇಲೆ ಉಳಿದ ಒಂಬತ್ತಕ್ಕೆ ಯಾರು ಹೇಳುತ್ತೀರಿ ಎಂದು ಕೇಳುತ್ತೇನೆ. ಈ ಉದ್ಯೋಗ ನನಗೆ ಕಲಿಸಿದ ಪಾಠ ಅದು. ಆದರೆ ಅದನ್ನು ಕಲಿತ ಬೆಲೆ ಯಾರಿಗೂ ಹೇಳಿಲ್ಲ. ಅವತ್ತು ಹೊರಡುವಾಗ ಬಸವರಾಜ ಅಡ್ಡ ಬಂದು ಕೈಮುಗಿದ.

"ಎಲ್ಲೂ ಇಲ್ಲದ ರಕ್ತ ಹುಡುಕಿ ಕೊಟ್ರಿ ಮೇಡಂ. ನಿಮ್ ಉಪಕಾರ ಮರಿಯಂಗಿಲ್ರೀ."

ನಾನು ಅವನಿಗೆ ನಿಜ ಹೇಳಲಿಲ್ಲ.